ಪೂಜೆ ಆದ ಕಿಣ್ವ

ಕಣ್ಣಿಗೆ ಕಾಣದ್ದನ್ನ ಪಾಠ ಮಾಡೋ ಮೇಷ್ಟ್ರಿಗೆ ಫಜೀತಿ ತಪ್ಪಿದ್ದಲ್ಲ. ಎಂಬತ್ತರ ದಶಕದಲ್ಲಿ ನಾನು ಜೀವಶಾಸ್ತ್ರದ ತಾತ್ಕಾಲಿಕ ಉಪನ್ಯಾಸಕ. ಕೆಲಸ ಖಾಯಂ ಆದರೆ ಸಾಕಪ್ಪಾ ಅಂತ ಊರೂರು ಅಲೆದವನು.

ಚನ್ನಗಿರಿ

ಜೀವಕೋಶದೊಳಗೆ ಒಂದು ಕಿಣ್ವ ಚಕ್ರದ ಹಾಗೆ ತಿರುಗಿ ಎಟಿಪಿ ಅನ್ನೋ ಶಕ್ತಿಯ ಕಣ ಮಾಡುತ್ತೆ, ಉಲ್ಟಾ ತಿರುಗಿದರೆ ಅದನ್ನೇ ಒಡೆಯುತ್ತೆ, ಹಾಗಂತ ವಿಜ್ಞಾನಿಗಳ ಊಹೆ ಅಂತ ತರಗತಿಯಲ್ಲಿ ಹೇಳಿದ್ದೆ. ಒಬ್ಬ ಹುಡುಗನ ಅಪ್ಪ ಸಂತೇಬೆನ್ನೂರಿಂದ ಬಂದೇಬಿಟ್ಟರು.

"ಏನ್ ಹೇಳ್ಕೊಟ್ರಿ ಸಾರ್? ಹೊಲಕ್ಕೆ ಬಾರೋ ಅಂದ್ರೆ, ಚಕ್ರ ಉಲ್ಟಾ ತಿರುಗ್ತೈತೆ ಅಂತ ಮಲಗ್ತಾನೆ!"

"ಹೊಟ್ಟೆ ತುಂಬ ಊಟ ಹಾಕ್ರಿ."

"ಊಟಕ್ಕೆ ಕರೆದಾಗ ನೆಟ್ಟಗೇ ತಿರುಗ್ತೈತೆ!"

ಹೊನ್ನಾಳಿ

ಬರೀ ಬಾಯಿಮಾತು ಸಾಲದು ಅಂತ ಇಲ್ಲಿ ಬಡಗಿಯೊಬ್ಬರ ಹತ್ತಿರ ಆ ಕಿಣ್ವದ ಮರದ ಮಾದರಿ ಮಾಡಿಸಿದೆ. ಹಿಡಿ ತಿರುಗಿಸಿದರೆ ಚಕ್ರ ಸುತ್ತಬೇಕು.

"ಅಸಲಿದು ಎಷ್ಟು ದೊಡ್ಡದೈತೆ ಸಾರ್?"

"ಕಣ್ಣಿಗೇ ಕಾಣದಷ್ಟು ಚಿಕ್ಕದು. ಇದುವರೆಗೂ ಅದು ತಿರುಗೋದನ್ನ ಯಾರೂ ನೋಡಿಲ್ಲ."

ಬಡಗಿ ನಿರಾಳವಾಗಿ ಉಳಿ ಎತ್ತಿಕೊಂಡರು. "ಹಂಗಾದ್ರೆ ತಪ್ಪು ಹಿಡಿಯಾಕೆ ಯಾರೂ ಬರಲ್ಲ ಬಿಡ್ರಿ!"

ಜಗಳೂರು

ತಪಾಸಣೆಗೆ ಬರೋ ಸಾಹೇಬರು ಮೆಚ್ಚಿದರೆ ಕೆಲಸ ಖಾಯಂ ಅಂತ ಪ್ರಿನ್ಸಿಪಾಲರು ಹೇಳಿದ್ದರು. ಸಾಹೇಬರು ಬಂದದ್ದು ಕಾಲೇಜಲ್ಲಿ ಆಯುಧಪೂಜೆ ಮಾಡಿದ ದಿನವೇ. ಪ್ರಯೋಗಾಲಯಕ್ಕೆ ಬಂದು ನೋಡ್ತೀನಿ, ಹೊನ್ನಾಳಿಯಿಂದ ಹೊತ್ತು ತಂದಿದ್ದ ನನ್ನ ಮರದ ಕಿಣ್ವಕ್ಕೆ ವಿಭೂತಿ, ಕುಂಕುಮ, ಮೊಳದುದ್ದ ಸೇವಂತಿಗೆ ಹಾರ!

"ತಿರುಗಿಸಿ, ನೋಡೋಣ" ಅಂದರು ಸಾಹೇಬರು.

ಕೈ ಹಾಕಿದೆ. ನಮ್ಮ ಅಟೆಂಡರು ಓಡಿಬಂದು ಅಡ್ಡ ನಿಂತ. "ಬ್ಯಾಡ್ರಿ ಸಾರ್! ಪೂಜೆ ಆದ ಯಂತ್ರ ಇವತ್ತು ತಿರುಗಿಸಂಗಿಲ್ಲ!"

ಸಾಹೇಬರು ನಕ್ಕು ಬೈತಾರೆ ಅಂದುಕೊಂಡೆ. ಅವರು ಚಪ್ಪಲಿ ಬಿಟ್ಟು ಕಿಣ್ವಕ್ಕೆ ಕೈ ಮುಗಿದರು. "ಪದ್ಧತಿ ಮುರಿಯೋದು ಬೇಡ. ಮುಂದಿನ ಸಲ ನೋಡ್ತೀನಿ" ಅಂತ ಮಂಡಕ್ಕಿ ಪ್ರಸಾದ ತಗೊಂಡು ಹೊರಟರು.

ಆ ಮುಂದಿನ ಸಲ ಬರಲೇ ಇಲ್ಲ. ಪರೀಕ್ಷೆ ಮುಗಿಯುತ್ತಲೇ ನನ್ನ ಕೆಲಸವೂ ಮುಗೀತು. ಮೂರು ತಾಲ್ಲೂಕು ಅಲೆದು, ಒಂದು ಸುತ್ತೂ ತೋರಿಸೋಕಾಗಲಿಲ್ಲವಲ್ಲ ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಆ ಪೂಜೆಯ ದಿನ ಸಾಹೇಬರ ಹಿಂದೆಯೇ ಹೊರಗೆ ಬಂದರೆ ಸಾಹೇಬರ ಜೀಪಿಗೂ ಅಷ್ಟೇ ದಪ್ಪದ ಹಾರ. ಚಕ್ರದಡಿ ಇಟ್ಟಿದ್ದ ನಿಂಬೆಹಣ್ಣು ಪಚಕ್ಕೆನಿಸಿ ಜೀಪು ಹೋಗೇಬಿಟ್ಟಿತು.

"ಅಲ್ಲಯ್ಯಾ, ಅದಕ್ಕೂ ಪೂಜೆ ಆಗಿತ್ತಲ್ಲ! ಅದರ ಚಕ್ರ ತಿರುಗಬಹುದಾ?" ಅಂತ ಅಟೆಂಡರನ್ನ ಕೇಳಿದೆ.

"ಏನ್ ಸಾರ್ ಹಿಂಗಂತೀರಿ! ಅದು ತಿರುಗ್ಲಿಲ್ಲ ಅಂದ್ರೆ ಸಾಹೇಬ್ರು ಇಲ್ಲೇ ಉಳೀತಿದ್ರಲ್ಲ!"