ಭಾವ ಕಟ್ಟಿದ ಬಿದಿರಿನ ವಿಮಾನ

ನಮ್ಮ ಭಾವನಿಗೆ ಹಾರುವ ವಿಮಾನಗಳೆಂದರೆ ಅಷ್ಟಕ್ಕಷ್ಟೆ. ಅವರ ಪ್ರೀತಿಯೆಲ್ಲ ಹಾರಲು ಹೋಗಿ ಮುಗ್ಗರಿಸಿದವುಗಳ ಮೇಲೆ! ಒಮ್ಮೆ ದುಬೈಯಿಂದ ಬರುತ್ತಿದ್ದ ಗೆಳತಿಯನ್ನು ಕರೆತರಲು ತಿರುವನಂತಪುರದ ವಿಮಾನ ನಿಲ್ದಾಣಕ್ಕೆ ಹೊರಟಾಗ ಅವರನ್ನೂ ಕರೆದೊಯ್ದಿದ್ದೆ. ದೊಡ್ಡ ವಿಮಾನವೊಂದು ತಲೆಯ ಮೇಲೇ ಹಾದು ಇಳಿಯಿತು. ಭಾವ ಕತ್ತೆತ್ತಿಯೂ ನೋಡಲಿಲ್ಲ. "ಇದರಲ್ಲೇನಿದೆ, ರೆಕ್ಕೆ ಇರೋ ಬಸ್ಸು" ಎಂದು ಕಡಲೆಕಾಯಿ ಬಿಡಿಸುತ್ತಾ ನಿಂತರು.

ಇಂಥ ಮನುಷ್ಯ ಒಂದು ಸಲ ವಿಮಾನದ ಮಾತನ್ನೇ ಬಿಟ್ಟುಬಿಟ್ಟರು. ಅಕ್ಕ ಮತ್ತೆ ಎದ್ದು ನಡೆಯುತ್ತಾಳೋ ಇಲ್ಲವೋ ಎಂದಾಗಿದ್ದ ಹೊತ್ತು ಅದು. ಆ ವಿಷಯಕ್ಕೆ ಬರುತ್ತೇನೆ. ಆದರೆ ಅಲ್ಲಿಗೆ ಹೋಗಬೇಕಾದರೆ ಸೀರೆಯ ಕಥೆಯನ್ನು ದಾಟಿಯೇ ಹೋಗಬೇಕು.

ಭಾವ ಮೈಸೂರಿನವರು. ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಬ್ಯಾಂಕ್ ಅಧಿಕಾರಿ. ಇಂಟರ್ನೆಟ್ ಕೆಫೆಗಳ ಕಾಲ ಅದು. ಸಂಜೆ ಬ್ಯಾಂಕು ಮುಗಿದರೆ ಅಲ್ಲಿ ಕೂತು, ನೂರು ವರ್ಷ ಹಳೆಯ ವಿಮಾನಗಳ ಮಸುಕು ಚಿತ್ರಗಳನ್ನು ಪ್ರಿಂಟ್ ತೆಗೆಸಿಕೊಂಡು ಬರುತ್ತಿದ್ದರು. ಒಂದಕ್ಕೆ ಏಣಿಯ ಮೆಟ್ಟಿಲಿನ ಹಾಗೆ ಸಾಲುಸಾಲು ರೆಕ್ಕೆ. ಇನ್ನೊಂದಕ್ಕೆ ಉದ್ದಿನವಡೆಯ ಹಾಗೆ ದುಂಡನೆ ರೆಕ್ಕೆ, ನಡುವಿನ ತೂತು ಸಮೇತ. ಯಾವುದೂ ಸರಿಯಾಗಿ ಹಾರಿದ್ದಲ್ಲ. ಮನೆಗೆ ಬಂದವರಿಗೆ ಕಾಫಿ ಕೊಡುವಾಗಲೇ ಅಕ್ಕ ಮೆಲ್ಲಗೆ ಎಚ್ಚರಿಸುತ್ತಿದ್ದಳು: "ಬೇಗ ಕುಡಿದು ಎದ್ದುಬಿಡಿ. ಅವರು ಆಲ್ಬಮ್ ತೆಗೆದ್ರೆ ರಾತ್ರಿ ಊಟ ಇಲ್ಲೇ."

ಚಿತ್ರ ನೋಡಿದ್ದು ಸಾಲದೆ ಭಾವ ಬಾಡಿಗೆ ಮನೆಯ ತಾರಸಿಯ ಮೇಲೆ ವಿಮಾನವನ್ನೇ ಕಟ್ಟತೊಡಗಿದರು. ಹಿಂದೆ ಯಾರೋ ಮಹಾನುಭಾವ ಬಿದಿರಿನಲ್ಲಿ ಒಂದು ಪುಟ್ಟ ವಿಮಾನ ಮಾಡಿದ್ದನಂತೆ. ಕೇರಳದಲ್ಲಿ ಬಿದಿರಿಗೆ ಬರವೇ? ಎಂಜಿನ್ ಬೇಡ, ಮೈದಾನದಲ್ಲಿ ಜೀಪಿಗೆ ಕಟ್ಟಿ ಎಳೆದರೆ ಸಾಕು, ಒಂದು ಸಲ ನೆಲ ಬಿಡಲಿ ಎಂಬುದಷ್ಟೇ ಅವರ ಆಸೆ.

ಓಣಂ ಬಂತು. ತಾನು ಪಾಠ ಹೇಳುವ ಶಾಲೆಗೆ ಉಟ್ಟುಕೊಂಡು ಹೋಗಲು ಅಕ್ಕ ತನ್ನ ಕಸವು ಸೀರೆ, ಓಣಂಗೆ ಅಲ್ಲಿನವರು ಉಡುವ ಜರಿ ಅಂಚಿನ ಬಿಳಿ ಸೀರೆ, ಹುಡುಕಿದಳು. ಬೀರುವಿನಲ್ಲಿಲ್ಲ, ಇಸ್ತ್ರಿಯವನ ಹತ್ತಿರವಿಲ್ಲ. ಕೊನೆಗೆ ತಾರಸಿಗೆ ಹತ್ತಿದಳು.

"ಇದು ನನ್ನ ಸೀರೆ ಅಲ್ವೇನ್ರೀ?"

"ಆಗಿತ್ತು" ಎಂದರು ಭಾವ. "ಈಗ ರೆಕ್ಕೆ."

"ಸೆರಗೆಲ್ಲಿ?"

"ಬಾಲದಲ್ಲಿದೆ. ಜರಿ ಚೆನ್ನಾಗಿ ಕಾಣ್ಸುತ್ತೆ ನೋಡು."

ಆ ಬಟ್ಟೆಯನ್ನು ಭಾವ ಅಂಟಿಸಿದ್ದು ಮೈದಾ ಗಂಜಿಯಿಂದ. ಸುತ್ತಲೂ ಮೆಣಸು, ಶುಂಠಿಯ ಗೋದಾಮುಗಳು. ಖಾರ ತಿಂದು ಬಾಯಿ ಕೆಟ್ಟಿದ್ದ ಇಲಿಗಳಿಗೆ ಇದಕ್ಕಿಂತ ಹಬ್ಬ ಬೇಕೆ? ಒಂದು ಬೆಳಿಗ್ಗೆ ಪಕ್ಕದ ತಾರಸಿಯಿಂದ ಮೆಣಸಿನ ವ್ಯಾಪಾರಿ ಇಣುಕಿ, ಸಾವಿನ ಸುದ್ದಿ ಹೇಳುವ ದನಿಯಲ್ಲಿ, "ಸಾರೇ, ವಿಮಾನಂ ಎಲಿ ತಿನ್ನು" ಎಂದ. ಇಲಿ ತಿಂದ ವಿಮಾನ ಚರಿತ್ರೆಯಲ್ಲಿ ಇದೊಂದೇ ಇರಬೇಕೆಂದು ಭಾವನಿಗೆ ಒಳಗೊಳಗೇ ಹೆಮ್ಮೆ.

ಆ ರೆಕ್ಕೆಗೆ ತೇಪೆ ಹಾಕಿ ಕೆಳಗಿಳಿಸುವ ದಿನ ಅಕ್ಕ ಒಂದು ತುದಿ ಹಿಡಿದು, ಹಿಂದುಹಿಂದಾಗಿ ಮೆಟ್ಟಿಲಿಳಿಯುತ್ತಿದ್ದಳು. ಹಿನ್ನೀರಿನ ಕಡೆಯಿಂದ ಬೀಸಿದ ಗಾಳಿ ರೆಕ್ಕೆಗೆ ಬಡಿಯಿತು. "ಬಿಟ್ಬಿಡೇ" ಎಂದು ಭಾವ ಕೂಗಿದರು. ಗಂಡ ಅಷ್ಟು ಕಷ್ಟಪಟ್ಟು ಕಟ್ಟಿದ್ದು ಮುರಿದೀತೆಂದು ಅಕ್ಕ ಬಿಡಲಿಲ್ಲ. ರೆಕ್ಕೆಗೆ ಏನೂ ಆಗಲಿಲ್ಲ. ಅಕ್ಕನ ಸೊಂಟದ ಮೂಳೆ ಮುರಿಯಿತು.

ನಾನಿದ್ದ ತಿರುವನಂತಪುರದಲ್ಲೇ ಆಪರೇಷನ್ ಆಯಿತು. ಅಲ್ಲಿನ ಕಳಕ್ಕೂಟಂನ ಐಟಿ ಪಾರ್ಕಿನಲ್ಲಿ ನನ್ನ ಕೆಲಸ. ಆಸ್ಪತ್ರೆಯಿಂದ ಇಬ್ಬರೂ ನನ್ನ ಫ್ಲ್ಯಾಟಿಗೆ ಬಂದರು. ಮೂಳೆ ಕೂಡಿದೆ, ಇನ್ನು ನಡೆಯಲೇಬೇಕು, ತಡವಾದರೆ ಕಷ್ಟ ಎಂದರು ಡಾಕ್ಟರು. ಅಕ್ಕ ವಾಕರ್ ಹಿಡಿದು ನಿಲ್ಲುವಳು, ಬೆವರುವಳು, ಮತ್ತೆ ಕೂತುಬಿಡುವಳು. ಬೀಳುವ ಭಯ. ಭಾವ ಗಂಜಿ ಮಾಡುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು, ಮಾತು ಮಾತ್ರ ಇಲ್ಲ. ಒಂದು ಭಾನುವಾರ ಕೊಚ್ಚಿಗೆ ಹೋಗಿ ವಿಮಾನ ಬಿಚ್ಚಿ, ಬಿದಿರನ್ನೆಲ್ಲ ಪಕ್ಕದ ಮನೆಯ ಪಡವಲದ ಚಪ್ಪರಕ್ಕೆ ಕೊಟ್ಟು ಬಂದರು. ಅಡುಗೆಮನೆಯಲ್ಲಿ ನನ್ನೊಬ್ಬಳಿಗೇ ಹೇಳಿದರು: "ನಾನೇ ಬೀಳಿಸ್ದೆ ಕಣಮ್ಮಾ ಅವಳನ್ನ."

ಅವರ ಆಲ್ಬಮ್ಮಿಗೆ ಹೆದರಿ ಓಡಿಹೋಗುತ್ತಿದ್ದ ನನಗೆ ಆ ಮೌನವನ್ನು ಸಹಿಸಲಾಗಲಿಲ್ಲ. ಅಕ್ಕನಿಗೂ ಆಗಲಿಲ್ಲವೆಂದು ಕಾಣುತ್ತದೆ. ಒಂದು ಮಧ್ಯಾಹ್ನ ಮಂಚದ ಅಂಚಿನಲ್ಲಿ ಕೂತು, "ಯಾವ್ದಾದ್ರೂ ವಿಮಾನದ ಕಥೆ ಹೇಳ್ರೀ" ಎಂದಳು.

"ಬೇಡ ಬಿಡು."

"ಹೇಳಿ ಅಂದೆ."

ಭಾವ ಕಿಟಕಿಯತ್ತ ತಿರುಗಿ ಶುರುಮಾಡಿದರು. "ಒಂದಿತ್ತು. ಬಾವಲಿ ಥರ ರೆಕ್ಕೆ. ಉಗಿ ಎಂಜಿನ್ನು. ನೋಡಿದವ್ರೆಲ್ಲ ನಕ್ಕಿರ್ಬೇಕು."

ಹಿಂದಿನಿಂದ ವಾಕರ್ ಕಿರುಗುಟ್ಟಿತು. ಭಾವ ತಿರುಗಿದರು, ಹಿಡಿಯಲು ಧಾವಿಸಿದರು.

"ಮುಟ್ಬೇಡಿ. ಹೇಳಿ, ಎಷ್ಟು ಎತ್ತರ ಹೋಯ್ತು?"

"ಒಂದು ಗೇಣು."

"ಅಷ್ಟೇನಾ?"

"ನೆಲ ಬಿಡ್ತಲ್ಲೇ" ಎಂದರು ಭಾವ.

ಅಕ್ಕ ಹಲ್ಲು ಕಚ್ಚಿ ಬಲಗಾಲನ್ನು ಎತ್ತಿದಳು. ಗೇಣು ಎಲ್ಲಿ ಬಂತು, ಎರಡು ಬೆರಳು ಎದ್ದಿದ್ದರೆ ಹೆಚ್ಚು. ಆ ಪಾದ ಒಂದು ಟೈಲಿನಷ್ಟು ಮುಂದೆ ಹೋಗಿ ಊರಿತು. ಅವಳು ಬೀಳಲಿಲ್ಲ. ಭಾವ ಇದ್ದಲ್ಲೇ ಕುಸಿದು ಕೂತು, ಅವಳ ಪಾದದ ಹತ್ತಿರ ಮುಖ ಮುಚ್ಚಿಕೊಂಡು ಮಗುವಿನ ಹಾಗೆ ಅತ್ತರು.

ಅಕ್ಕ ಒಂದು ಕೈಯನ್ನು ವಾಕರಿನಿಂದ ಬಿಡಿಸಿ ಅವರ ತಲೆಯ ಮೇಲಿಟ್ಟಳು. "ಏಳ್ರೀ, ದಾರಿ ಬಿಡಿ" ಎಂದಳು. "ಇನ್ನೊಂದು ಕಾಲು ಹಿಂದೇನೇ ಇದೆ."