ಮೀನಿಲ್ಲದ ತೊಟ್ಟಿ

ಮಾಲತಿ, ಶ್ರೀಧರ, ನಿಮ್ಮ ಅಜ್ಜ ಮದುವೆಯಾದ ಮೂರನೇ ತಿಂಗಳಿಗೇ ಇನ್ನೊಂದು ಸಂಸಾರ ಹೂಡಿದರು. ಗಾಬರಿಯಾಗಬೇಡಿ! ಅದು ಗಾಜಿನ ತೊಟ್ಟಿಯೊಳಗಿನ ನೀರುಗಿಡಗಳ ಸಂಸಾರ.

ಐವತ್ತರ ದಶಕದ ಮದರಾಸು. ಅವರಿಗೆ ಎಗ್ಮೋರಿನ ಹೋಟೆಲಿನಲ್ಲಿ ಉಗ್ರಾಣದ ಕೆಲಸ. ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವುದು. ನಾನೋ ಊರ ಶಾಲೆಯಲ್ಲಿ ನಾಲ್ಕು ಕ್ಲಾಸು ಓದಿದವಳು. ತಮಿಳು ಬಾರದು, ನಾಚಿಕೆ ಬೇರೆ. ಇಡೀ ದಿನ ಒಂದೇ ಕೋಣೆಯಲ್ಲಿ ಒಬ್ಬಳೇ. ಬಂದ ಮೇಲಾದರೂ ನನ್ನೊಡನೆ ನಾಲ್ಕು ಮಾತಾಡಬಾರದೇ? ಇಲ್ಲ! ಚಪ್ಪಲಿ ಬಿಟ್ಟವರೇ ತೊಟ್ಟಿಯ ಮುಂದೆ. ಗಿಡದ ತುದಿ ಕತ್ತರಿಸುವುದು, ಕೆಳಗಿನ ಎಲೆ ಚಿವುಟಿ ಮರಳಿನಲ್ಲಿ ಊರುವುದು. "ಹೆದರ್ಬೇಡ, ಎಂಟು ದಿನದಲ್ಲಿ ಬೇರು ಬಿಡ್ತೀಯ" ಎಂದು ಅದಕ್ಕೆ ಸಮಾಧಾನ ಬೇರೆ! ನನಗೆ ಯಾರು ಹೇಳಬೇಕು?

ಪಕ್ಕದ ಮನೆಯ ಮಾಮಿ ಬಗ್ಗಿ ನೋಡಿ ಕೇಳಿದರು, "ಮೀನ್ ಎಂಗೇ?" ಮೀನೆಲ್ಲಿ ಎಂದು.

ತಿನ್ನುವ ಮೀನೆಂದುಕೊಂಡು, ಬಂದಷ್ಟು ತಮಿಳಿನಲ್ಲಿ ನಾನೆಂದೆ, "ನಾಂಗ ವೆಜಿಟೇರಿಯನ್, ಮಾಮಿ!"

ಒಂದು ದಿನ ನಲ್ಲಿಯ ಬಳಿ ಬಕೇಟಿನ ತುಂಬ ಚಿಗುರು ಕಂಡಿತು. ಕರಾವಳಿಯವಳ ಕೈ ಸುಮ್ಮನಿದ್ದೀತೇ? ಕಾಯಿ, ಜೀರಿಗೆ ಹಾಕಿ ಅರೆದು, ಮಜ್ಜಿಗೆ ಬೆರೆಸಿ ತಂಬುಳಿ ಮಾಡಿಬಿಟ್ಟೆ. ಅರೆಯುವಾಗ ವಾಸನೆ ಎಲ್ಲೋ ಪರಿಚಯದ್ದು ಅನ್ನಿಸಿತು.

ರಾತ್ರಿ ಊಟಕ್ಕೆ ಕೂತ ಅವರು ಕೇಳಿದರು, "ಲಾಯ್ಕಾಗಿದೆ. ಎಂತ ಸೊಪ್ಪು?"

"ಬಕೇಟಿನಲ್ಲಿ ಇತ್ತಲ್ಲ..."

ಅವರ ಕೈ ನಿಂತಿತು. "ಮಾರಾಯ್ತಿ! ಅದು ನಾಳೆ ನೆಡ್ಲಿಕ್ಕೆ ಇಟ್ಟದ್ದು!"

ನನಗೆ ಅಳು ಬಂತು. ನಿಮಗೆ ನನಗಿಂತ ಅದೇ ಹೆಚ್ಚು ಎಂದು ಕೂಗಬೇಕೆಂದಿದ್ದೆ. ಅವರು ಬಟ್ಟಲನ್ನೇ ನೋಡುತ್ತ, "ಅಳ್ಬೇಡ. ಇನ್ನೊಂದು ಸೌಟು ಹಾಕು. ಪುನಃ ನೆಡ್ಲಿಕ್ಕಂತೂ ಆಗುದಿಲ್ಲ" ಎಂದರು.

ಅರವತ್ತರ ದಶಕದ ಕೊನೆಗೆ ಅವರು ಹೋದರು. ಹದಿಮೂರನೇ ದಿನ ಬಂದ ಹೋಟೆಲಿನ ಅಡಿಗೆ ಭಟ್ಟರು ತೊಟ್ಟಿಯ ಮುಂದೆ ನಿಂತೇಬಿಟ್ಟರು.

"ಇನ್ನೂ ಉಂಟಾ ಇದು? ನಿಮ್ಮ ತವರಿನ ಕೆರೆಯದ್ದಲ್ವಾ ಅಮ್ಮ. 'ಹೆಂಡತಿ ಊರಿನ ಕೆರೆ ನೆನೆಸಿ ಅಳ್ತಾಳೆ, ಕೆರೆ ತರ್ಲಿಕ್ಕಾಗುದಿಲ್ಲ, ಗಿಡ ಆದ್ರೂ ಇರ್ಲಿ' ಅಂತ ನಿಮ್ಮ ಅಪ್ಪಯ್ಯನಿಗೆ ಕಾಗದ ಬರೆದು, ಊರಿಂದ ಬರುವವರ ಕೈಲಿ ಒದ್ದೆ ಬಟ್ಟೆ ಸುತ್ತಿ ತರಿಸಿದ್ದು. ನಿಮಗೆ ಹೇಳ್ಲಿಲ್ವಾ?"

ಹೇಳಿರಲಿಲ್ಲ. ಅವರಿಗೂ ನಾಚಿಕೆ! ನೀರಿನಲ್ಲಿ ಮುಳುಗಿ ಎಲೆ ತೆಳ್ಳಗಾಗಿ, ನನಗೂ ಗುರುತು ಸಿಕ್ಕಿರಲಿಲ್ಲ. ಕೆರೆಯ ಮಾತನ್ನು ನಾನು ಅವರಿಗೆ ಹೇಳಿದ್ದು ಒಂದೇ ಸಲ, ಮದರಾಸಿಗೆ ಬರುವ ರೈಲಿನಲ್ಲಿ.

ಈಗ ತುದಿ ಕತ್ತರಿಸಿ ಊರುವವಳು ನಾನು. ಹೆದರಬೇಡ, ಎನ್ನುತ್ತೇನೆ. ಯಾರಿಗೆಂದು ಕೇಳಬೇಡಿ.

ಈ ಹಾಳೆಗಳು ಜೋಪಾನ, ಮಕ್ಕಳೇ. ತೊಟ್ಟಿಯ ಹತ್ತಿರ ಮಾತ್ರ ಇಡಬೇಡಿ, ನೀರು ತಾಗೀತು.