ದೊಡ್ಡಮ್ಮ ನೋಡದ ತೋಟಗಳು

ಪಾರ್ಕು, ತೋಟ ವಿನ್ಯಾಸ ಮಾಡುವವನ ಪಾಡೇ ಇಷ್ಟು. ನಾನು ಒಂದು ನೆನೆದು ನೆಟ್ಟರೆ ಜನ ಅದರಲ್ಲಿ ಇನ್ನೊಂದನ್ನೇ ಕಾಣುತ್ತಾರೆ. ಮೂರು ದೇಶಗಳಲ್ಲಿ ಕೆಲಸ ಮಾಡಿ ಬಂದವನು, ಈಗ ಚಿಕ್ಕಬಳ್ಳಾಪುರದ ಹತ್ತಿರ ಕಾಲೇಜೊಂದರಲ್ಲಿ ಮೇಷ್ಟ್ರು. ನನಗಿದ್ದ ಆಸೆ ಒಂದೇ. ಮೇಲೂರಿನಲ್ಲಿ ರೇಷ್ಮೆಹುಳದ ಜೊತೆ ನನ್ನನ್ನೂ ಸಾಕಿದ ದೊಡ್ಡಮ್ಮ ನಾನು ಮಾಡಿದ ಒಂದು ತೋಟವನ್ನಾದರೂ ನೋಡಿ "ಚೆನ್ನಾಗೈತೆ" ಅನ್ನಬೇಕು.

೧. ಹುಲ್ಲು

ಸಿಂಗಪುರದಿಂದ ಫೋನ್ ಮಾಡಿ, "ದೊಡ್ಡಮ್ಮ, ಎಂಟು ಎಕರೆ ಹುಲ್ಲು ಬೆಳೆಸಿದೀನಿ" ಅಂತ ಕೊಚ್ಚಿಕೊಂಡೆ.

"ಹಸು ಎಷ್ಟವೆ?"

"ಒಂದೂ ಇಲ್ಲ. ಸುಮ್ನೆ ನೋಡೋಕೆ."

ಫೋನಿನಲ್ಲಿ ಅವಳ ಹಿಂದಿನಿಂದ ಹುಳ ಸೊಪ್ಪು ಮೇಯುವ ಸದ್ದು ಕೇಳುತ್ತಿತ್ತು. ಆ ಸದ್ದಿಗೇ ಊರಿಗೆ ಓಡಿಹೋಗಬೇಕು ಅನ್ನಿಸಿಬಿಟ್ಟಿತು.

"ಹೋಗ್ಲಿ ಬಿಡಪ್ಪ," ಅಂದಳು, "ಬೇರೆ ಕೆಲ್ಸ ಸಿಗೋವರ್ಗೂ ಮಾಡು."

೨. ಮರ

ಕಾಲೇಜಿಗೆ ಬಂದ ಮೇಲೆ, ಒಂದು ದಿನ ಕ್ಲಾಸಿನಲ್ಲಿ ಚಿಂತಾಮಣಿ ಕಡೆಯ ಹುಡುಗಿಯೊಬ್ಬಳು ತೋಟದ ನಕ್ಷೆ ತುಂಬ ಮರದ ಗುರುತಿಗೆ ದುಂಡಗೆ ಸೊನ್ನೆ ಸುತ್ತಿ ತಂದಿದ್ದಳು.

"ಇದ್ಯಾವ ಮರನಮ್ಮ?"

"ಜನರಲ್ ಮರ, ಸರ್."

"ನಿಮ್ಮನೆ ಮುಂದೆ ಯಾವ್ದಿದೆ?"

"ಹುಣಸೆ."

"ಅದನ್ನೇ ಹಾಕು."

"ಅದು ದಿನಾ ನೋಡೋದಲ್ವಾ ಸರ್, ಅದ್ರಲ್ಲಿ ಡಿಸೈನ್ ಏನಿದೆ?"

ಕ್ಲಾಸೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೂ ಆ ಮಾತು ಚುಚ್ಚುತ್ತಲೇ ಇತ್ತು. ಮೂವತ್ತು ವರ್ಷದಲ್ಲಿ ನಾನೂ ನಮ್ಮನೆಯ ಹಿಪ್ಪುನೇರಳೆಯನ್ನು ಎಲ್ಲೂ ನೆಟ್ಟಿರಲಿಲ್ಲ. ಆ ವರ್ಷವೇ ಕಾಲೇಜಿನ ದಾರಿಯ ಎರಡೂ ಕಡೆ ಅದನ್ನೇ ಬೇಲಿಯಾಗಿ ಬೆಳೆಸಿದೆ.

೩. ಸೊಪ್ಪು

ದೊಡ್ಡಮ್ಮನನ್ನು ಕರೆತರೋದು ಸುಲಭವಲ್ಲ. ಹುಳಕ್ಕೆ ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕು. ಅವು ಪೊರೆ ಬಿಡುವಾಗ ಮೇವು ಮುಟ್ಟದೆ ಸುಮ್ಮನೆ ಕೂರುತ್ತವಲ್ಲ, ಆ ಒಂದು ದಿನವೇ ಅವಳಿಗೆ ರಜೆ. ಅಂಥದ್ದೊಂದು ದಿನ ಕಾದು ಕಾಲೇಜಿಗೆ ಕರೆತಂದೆ.

ನಾನು ಅಲ್ಲಿ ಮಾಡಿಸಿದ್ದ ಕಟ್ಟೆ, ಕೊಳ, ಹೂವಿನ ಸಾಲು ಯಾವುದರ ಹತ್ತಿರವೂ ಅವಳು ನಿಲ್ಲಲಿಲ್ಲ. ಬೇಲಿಯ ಮುಂದೆ ನಿಂತಳು.

"ಇದಕ್ಕೆ ಔಷಧಿ ಏನಾದ್ರೂ ಹೊಡೆದಿದ್ದೀಯಾ?"

"ಇಲ್ಲ ದೊಡ್ಡಮ್ಮ."

ಒಂದೆಲೆ ಮುರಿದು ಮೂಸಿದಳು. "ಚೆನ್ನಾಗೈತೆ ಕಣಪ್ಪ."

ಆ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ತಿರುಗಿ ನೋಡಿದರೆ ಬೇಲಿಯಲ್ಲಿ ನಾಲ್ಕು ಮಾರು ಬರೀ ಕಡ್ಡಿ, ಅವಳ ಮಡಿಲ ತುಂಬ ಸೊಪ್ಪು.

ವಾಚ್‌ಮನ್ ಓಡಿಬಂದ. "ಅಮ್ಮಾ, ಕೀಳ್ಬೇಡಿ. ಫಾರಿನ್‌ನಲ್ಲಿ ಕಲಿತು ಬಂದಿರೋ ಸಾರು ಮಾಡಿರೋದು."

"ಆ ಸಾರಿಗೆ ಸೊಪ್ಪು ಕೊಯ್ಯೋದು ಕಲಿಸಿದ್ದೇ ನಾನು," ಅಂದವಳು ನನ್ನ ಕಡೆ ತಿರುಗಿದಳು. "ನಾಳೆ ಹುಳ ಪೊರೆ ಬಿಟ್ಟು ಏಳ್ತವೆ, ಮೇವು ಬೇಕು. ಸುಮ್ನೆ ನಿಂತಿದ್ದೀಯಲ್ಲ, ಆ ಕಡೇದು ನೀನು ಕೊಯ್ಯಿ."

ಕೊಯ್ದೆ.